ತಳ ಹತ್ತಿದ ಪುಂಡಿಪಲ್ಯದ ಇತಿಹಾಸ

ಗಂಡ ಅಡುಗೆಮನೆಗೆ ಬಂದು ಕೈಜೋಡಿಸಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಹೆಂಗಸರಿಗೆ ನನ್ನದೊಂದು ಮಾತು: ಬೇಡವೇ ಬೇಡ. ನಾನು ಇಪ್ಪತ್ತು ವರ್ಷ ಬೇಡಿಕೊಂಡೆ, ದೇವರು ಕೊಟ್ಟೇಬಿಟ್ಟ. ಸೇಡಂನ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಮ್ಮ ಯಜಮಾನರು ಈಗ ರವಿವಾರ ಬಂದರೆ ಮಳಖೇಡದ ಕೋಟೆ ಸುತ್ತಿ ಬಂದು, ಯಾವುದೋ ಹಳೆಯ ಪುಸ್ತಕ ಬಿಡಿಸಿಕೊಂಡು ರಾಜರ ಕಾಲದ ಅಡುಗೆ ಮಾಡುತ್ತಾರೆ. ಪಾತ್ರೆ ತಿಕ್ಕುವುದು ಮಾತ್ರ ಈ ಕಾಲದ ನಾನು. ತಿನ್ನುವ ಮೊದಲು ಅದರ ಕಥೆಯನ್ನೂ ಕೇಳಬೇಕು.

ಹೋದ ತಿಂಗಳು ಮಗಳ ಅತ್ತೆ-ಮಾವ ಚಿಮ್ಮನಚೋಡದಿಂದ ಮೊದಲ ಸಲ ಊಟಕ್ಕೆ ಬರುವವರಿದ್ದರು. ಊಟ ಕೆಟ್ಟರೆ ನನ್ನ ಮಗಳು ಜೀವನವಿಡೀ ಆ ಮಾತು ಕೇಳಬೇಕಾಗುತ್ತದೆ. ಅಂಥ ದಿನವೇ ಇವರು ಬದನೆಕಾಯಿ ಪಾಯಸಕ್ಕೆ ನಿಂತರು. ಅಂಗಡಿಯಲ್ಲಿ ಪಚ್ಚಕರ್ಪೂರ ಸಿಗಲಿಲ್ಲವೆಂದು ದೇವರ ಜಗಲಿಯ ಆರತಿ ಕರ್ಪೂರಕ್ಕೆ ಕೈ ಚಾಚಿದಾಗ ಡಬ್ಬಿ ಕಸಿದುಕೊಂಡೆ. "ಸಿಟ್ಟಿಗೇಳಬ್ಯಾಡ. ಬಸುರಿ ರಾಣಿ ಬಯಸಿ ತಿಂದಿದ್ದಿದು, ಸ್ವಲ್ಪ ಕೇಳು" ಎಂದು ನನ್ನನ್ನು ಕೂರಿಸಿಕೊಂಡು ಶುರುಮಾಡಿದರು. ರಾಣಿಗೆ ಹೆರಿಗೆಯಾಗುವಷ್ಟರಲ್ಲಿ ಒಲೆಯ ಮೇಲಿನ ನನ್ನ ಹುಳಿ ಪುಂಡಿಸೊಪ್ಪಿನ ಪಲ್ಯ ತಳ ಹತ್ತಿತ್ತು. ಅಷ್ಟೊತ್ತಿಗೆ ಬೀಗರು ಬಾಗಿಲಿಗೆ ಬಂದಿದ್ದರು.

ಬೀಗತಿ ರೊಟ್ಟಿ ಮುರಿದು ಪಲ್ಯ ಬಾಯಿಗಿಟ್ಟು, "ವಾಸನಿ ಏನೋ ಬ್ಯಾರೆ ಬರಾಕತ್ತದಲ್ರಿ?" ಎಂದರು. ನನ್ನ ಬಾಯಿಯೂ ಇಪ್ಪತ್ತೈದು ವರ್ಷ ಇತಿಹಾಸದ ಮೇಷ್ಟರ ಜೊತೆ ಬಾಳಿದ್ದು. "ಇದು ಮಳಖೇಡ ಕೋಟಿ ಸಿಪಾಯಿಗಳ ಪಲ್ಯರಿ. ಕಟಿಗಿ ಒಲಿ ಮ್ಯಾಲ ಬೇಕಂತನೇ ತಳ ಹತ್ತಸ್ತಿದ್ರಂತ, ನಾಕ್ ದಿನ ಕೆಡಬಾರದಂತ" ಎಂದುಬಿಟ್ಟೆ.

"ಹೌದೇನ್ರಿ? ಭಾಳ ಛಲೋ ಆಗ್ಯಾದ" ಎಂದು ಬೀಗತಿ ಎರಡು ಸಲ ಹಾಕಿಸಿಕೊಂಡರು. ರಾಣಿಯ ಪಾಯಸವನ್ನು ಯಾರೂ ಮುಟ್ಟಲಿಲ್ಲ. ನಮ್ಮ ಯಜಮಾನರು ಎಡಗೈಯಲ್ಲಿ ತಮ್ಮ ನೋಟ್‌ಬುಕ್ಕು ಎಳೆದುಕೊಂಡು, "ಇದು ನಿನಗ ಯಾರ್ ಹೇಳಿದ್ರು?" ಎಂದರು. "ನಮ್ಮವ್ವ" ಎಂದೆ. ಬರೆದುಕೊಂಡರು.

ನಿನ್ನೆ ಬೀಗತಿ ಫೋನು ಮಾಡಿದ್ದರು. ಈ ರವಿವಾರ ತಂಗಿಯರನ್ನೂ ಕರೆತರುತ್ತಾರಂತೆ, ಅದೇ ಪಲ್ಯ ಬೇಕಂತೆ. ಗ್ಯಾಸಿನ ಮೇಲೆ ಎರಡು ಸಲ ಮಾಡಿ ನೋಡಿದೆ. ಬೇಡವೆಂದಾಗ ಹತ್ತಿದ ತಳ, ಬೇಕೆಂದಾಗ ಒಮ್ಮೆ ಹತ್ತಲೇ ಇಲ್ಲ, ಇನ್ನೊಮ್ಮೆ ಕರಕಲಾಯಿತು. ಇವರು ನೋಟ್‌ಬುಕ್ಕು ತೆರೆದು, "ಗ್ಯಾಸ್ ಮ್ಯಾಲ ಹ್ಯಾಂಗ್ ಆಗ್ತದ? ಕಟಿಗಿ ಒಲಿ ಅಂತ ನಿಮ್ಮವ್ವನೇ ಹೇಳ್ಯಾರಲ್ಲ" ಎಂದು ಗದರಿದರು.

ಅದಕ್ಕೇ ಈ ಸೇಡಂ ಬಿಸಿಲಿನಲ್ಲಿ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಕಣ್ಣೀರು ಸುರಿಸುತ್ತಾ ಒಲೆ ಊದುತ್ತಿದ್ದೇನೆ. ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ನಾನು ಹೇಳಿದ ಸುಳ್ಳನ್ನು ನನಗೇ ಓದಿ ಹೇಳುತ್ತಿದ್ದಾರೆ.