ಗೋಡೆಗೇರಿದ ಅತ್ತೆ

ನಮ್ಮ ಸೋದರತ್ತೆ ಯಾವ ಹೆಣ್ಣಿನ ಫೋಟೊ ತೆಗೆದರೂ ಅವಳಿಗೆ ಮದುವೆಯಾಗುವುದಿಲ್ಲ. ಇದು ನನ್ನ ಮಾತಲ್ಲ, ಜಯನಗರದ ನಮ್ಮ ಬಂಧುಬಳಗದ ಒಮ್ಮತದ ತೀರ್ಮಾನ. ನನ್ನದು ಬರೀ ಮಿಮಿಕ್ರಿ. ಬಿ.ಕಾಂ.ನಲ್ಲಿ ಎರಡು ಸಬ್ಜೆಕ್ಟು ಉಳಿಸಿಕೊಂಡಿದ್ದ ನಾನು ಆ ಎಂಬತ್ತರ ದಶಕದಲ್ಲಿ ಪಾಸು ಮಾಡಿದ್ದು ಅದೊಂದನ್ನೇ.

ಅತ್ತೆ ಟೆಲಿಫೋನ್ ಆಪರೇಟರ್. ಮೂವತ್ತೆಂಟಾದರೂ ಮದುವೆಯಿಲ್ಲ. ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಒಂಟಿ ಹೆಂಗಸರ ಮನೆಗಳಿಗೆ ಹೊರಡುತ್ತಿದ್ದಳು. ಮದುವೆಗೆ ಕಾಯುತ್ತಿದ್ದವರು, ಕಾಯುವುದನ್ನು ಬಿಟ್ಟವರು, ಗಂಡನನ್ನೇ ಬಿಟ್ಟವರು, ಎಲ್ಲರೂ ಅವಳಿಗೆ ಸ್ನೇಹಿತೆಯರೇ. ನಾನೂ ಹಿಂದೆ ಹೋಗುತ್ತಿದ್ದೆ. ಕಲಾಸೇವೆಗಲ್ಲ, ಉಪ್ಪಿಟ್ಟಿಗೆ.

ಜೆ.ಪಿ. ನಗರದ ಟೀಚರೊಬ್ಬಳು ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ತೊಡೆಯ ಮೇಲೆ ವೀಣೆ ಇಟ್ಟುಕೊಂಡು ಸಿದ್ಧಳಾಗಿದ್ದಳು.

"ವೀಣೆ ಬರತ್ತೇನೇ?" ಅತ್ತೆ ಕೇಳಿದಳು.

"ಇಲ್ಲಕ್ಕ. ಪಕ್ಕದ್ಮನೆಯವ್ರದ್ದು."

"ಹಂಗಾದ್ರೆ ಅದರ ಫೋಟೊ ಅಲ್ಲೇ ತೆಗೆಯೋಣ. ನೀನು ದಿನಾ ಎಲ್ಲಿ ಕೂತ್ಕೋತೀಯ?"

ಟೀಚರಮ್ಮ ಸೀಮೆಎಣ್ಣೆ ಸ್ಟೌ ಪಕ್ಕದ ಮಣೆ ತೋರಿಸಿದಳು. ಅವಳು ಅಲ್ಲಿ ಕೂತಿದ್ದೇ ತಡ, ನಾನು ಗಂಡಿನ ತಾಯಿಯ ದನಿ ತೆಗೆದು, "ಹುಡುಗಿಗೆ ಅಡುಗೆ ಬರತ್ತಾ?" ಎಂದೆ. ಅವಳು ನಕ್ಕಳು. ಅತ್ತೆ ಕ್ಯಾಮೆರಾ ಇಳಿಸಿದಳು.

"ನಗಿಸ್ಬೇಡ ಕಣೋ. ಇದು ಯಾರಿಗೂ ಕಳ್ಸೋ ಫೋಟೊ ಅಲ್ಲ. ಇವಳ ಮನೆ ಗೋಡೆಗೆ."

ತೊಂದರೆ ಶುರುವಾಗುತ್ತಿದ್ದುದೇ ಗೋಡೆಯಿಂದ. ಒಬ್ಬರನ್ನೇ ಕಟ್ಟು ಹಾಕಿಸಿ ಗೋಡೆಗೆ ಏರಿಸುವುದು ಅವರು ತೀರಿಕೊಂಡ ಮೇಲಲ್ಲವೇ? ಸಿದ್ದಾಪುರದ ನರ್ಸೊಬ್ಬಳು ಫೋಟೊ ನೇತುಹಾಕಿ ಎರಡು ದಿನದ ಡ್ಯೂಟಿಗೆ ಹೋದಳು. ಮೀಟರ್ ನೋಡುವವನಿಗೆಂದು ಬಾಗಿಲು ತೆಗೆದ ಮನೆ ಓನರ್ ಆಂಟಿ ಅದನ್ನು ಕಂಡು, ಅತ್ತು, ಸೇವಂತಿಗೆ ಸಿಕ್ಕಿಸಿ, ಊದುಬತ್ತಿ ಹಚ್ಚಿದರು. ಸತ್ತವಳೇ ಬಂದು ಮೊಳೆ ಹೊಡೆದಳೇ ಎಂದು ಯೋಚಿಸಲಿಲ್ಲ. ನರ್ಸು ಮರಳಿ ಬಂದಾಗ ಮೆಟ್ಟಿಲ ಮೇಲೇ ಕುಸಿದು ಕೂತರು.

"ನೀನು ಹೋಗಿದ್ಯಲ್ಲೇ?"

"ಹೂಂ ಆಂಟಿ, ಡ್ಯೂಟಿಗೆ."

ಅತ್ತೆ ಬನಶಂಕರಿಯ ಬಾಡಿಗೆ ಮನೆಯಲ್ಲಿ ಅಜ್ಜಿಯ ಜೊತೆ ಇದ್ದವಳು. ಅಜ್ಜಿ ತೀರಿಕೊಂಡು ವರ್ಷ ಕಳೆಯುತ್ತಿದ್ದಂತೆ ನಮ್ಮಪ್ಪ, "ಒಬ್ಳೇ ಇದ್ದಿದ್ದು ಸಾಕು, ನಮ್ಮನೆಗೆ ಬಂದ್ಬಿಡು" ಎಂದು ಹಟ ಹಿಡಿದರು. ಅಣ್ಣನ ಮಾತನ್ನು ಅವಳು ಎಂದೂ ಮೀರಿದವಳಲ್ಲ. ಹೂಂ ಅಂದಳೋ ಉಹುಂ ಅಂದಳೋ ತಿಳಿಯಲಿಲ್ಲ, ಅಪ್ಪ ಟೆಂಪೊ ಗೊತ್ತುಮಾಡಿಯೇಬಿಟ್ಟರು. ಟೆಂಪೊ ಬರುವ ಹಿಂದಿನ ವಾರ ಅವಳು ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ಮಂಚದ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯಲು ಕೂತಿದ್ದಳು. ತಲೆ ಕತ್ತರಿಸದೆ ನಾನು ತೆಗೆದ ಏಕೈಕ ಫೋಟೊ ಅದು.

ಟೆಂಪೊದ ದಿನ ಅಪ್ಪನೂ ನಾನೂ ಅವಳ ಮಹಡಿ ಹತ್ತಿದರೆ, ಒಂದು ಪಾತ್ರೆಯನ್ನೂ ಕಟ್ಟಿಟ್ಟಿರಲಿಲ್ಲ. ಗೋಡೆಯ ಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು.

"ಪಾಪ, ಎಷ್ಟು ವಯಸ್ಸಾಗಿತ್ತು?" ಎಂದೆ, ಆ ನರ್ಸಿನ ಓನರ್ ಆಂಟಿಯ ದನಿಯಲ್ಲಿ. ಯಾರೂ ನಗಲಿಲ್ಲ.

"ನಾನು ಬರಲ್ಲ ಅಣ್ಣಯ್ಯ," ಎಂದಳು ಅತ್ತೆ. "ಇಲ್ಲೇ ಇರ್ತೀನಿ."

ಅಪ್ಪ ಗೋಡೆಯ ಬಳಿ ಹೋಗಿ ಫೋಟೊ ಕೆಳಗಿಳಿಸಿದರು.

"ತೆಗೀಬೇಡ ಅಣ್ಣಯ್ಯ."

"ಮೊಳೆ ಅಲ್ಲಾಡ್ತಿದೆ ಕಣೇ. ಸುತ್ತಿಗೆ ಎಲ್ಲಿ?"

ಒಂದು ಕಾಲದಲ್ಲಿ ಅತ್ತೆಯ ಇನ್ನೊಂದು ಫೋಟೊವನ್ನು ಅಪ್ಪ ಅಂಗಿಯ ಜೇಬಿನಲ್ಲಿಟ್ಟುಕೊಂಡು ಗಂಡಿನವರ ಮನೆಗಳಿಗೆ ಅಲೆದಿದ್ದರಂತೆ. ಹನ್ನೊಂದು ಮನೆ. ಆ ಫೋಟೊದಲ್ಲೂ ಪಕ್ಕದ ಮನೆಯವರ ವೀಣೆಯಿತ್ತು. ಹನ್ನೊಂದು ಸಲವೂ ಫೋಟೊವನ್ನು ವಾಪಸ್ ತಂದು ತಂಗಿಯ ಕೈಗೆ ಕೊಟ್ಟವರೂ ಅವರೇ.

ಅಪ್ಪ ಮೊಳೆಯನ್ನು ಗಟ್ಟಿಯಾಗಿ ಹೊಡೆದು, ಫೋಟೊ ನೇತುಹಾಕಿ, ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು.

"ಇದಿನ್ನು ಎಲ್ಲಿಗೂ ಹೋಗ್ಬೇಕಾಗಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಟೆಂಪೊದವನಿಗೆ ಬೇಡ ಅಂತ ಹೇಳ್ಬಾ ಹೋಗು."

ಅಪ್ಪನನ್ನು ನಾನು ಸಾವಿರ ಸಲ ಅಣಕಿಸಿದ್ದೇನೆ. "ಎಲ್ಲಿಗೂ ಹೋಗ್ಬೇಕಾಗಿಲ್ಲ" ಅಂದ ಆ ಒಂದು ಮಾತಿನ ದನಿ ಮಾತ್ರ ಇವತ್ತಿಗೂ ಕೈಗೆ ಹತ್ತಿಲ್ಲ.