ಸರಕಾರದ ಗುಡ್ಡ, ಅರಬಾಬರ ಹುಲ್ಲು, ಮಾವನ ಜಿಂಕೆ

ನನ್ನ ಸೋದರಮಾವನಷ್ಟು ದೊಡ್ಡ ಬೇಟೆಗಾರ ಇಡೀ ಒಮಾನ್ ದೇಶದಲ್ಲೇ ಇಲ್ಲ. ಇದು ನಾನು ಹೇಳುವ ಮಾತಲ್ಲ, ಅವರೇ ಹೇಳುವುದು. ಇಲ್ಲಿಗೆ ಬಂದು ಮೂವತ್ತೊಂದು ವರ್ಷವಾಯಿತು. ಅಷ್ಟರಲ್ಲಿ ಅವರ ಕೈಯಿಂದ ಸತ್ತದ್ದು ಒಟ್ಟು ಎರಡು ಚೇಳು. ಅವುಗಳಲ್ಲೂ ಒಂದು ಮೊದಲೇ ಸತ್ತಿತ್ತೆಂದು ನನ್ನ ಗಂಡನ ವಾದ. ಆದರೇನಂತೆ? ಬೇಟೆಗಾರನಿಗೆ ಮುಖ್ಯವಾಗಿ ಬೇಕಾದದ್ದು ಅಭಿಪ್ರಾಯ! ಅದು ಅವರಲ್ಲಿ ಹಿಂಡುಹಿಂಡಾಗಿ ಮೇಯುತ್ತಿರುತ್ತದೆ.

ಮಾವ ಸುಳ್ಯದ ಕಡೆಯವರು. ಸೂರ್ ಪಟ್ಟಣದಿಂದ ಮುಕ್ಕಾಲು ಗಂಟೆ ಒಳಗೆ, ಒಬ್ಬ ಒಮಾನಿಯ ತೋಟದಲ್ಲಿ ಮೇಸ್ತ್ರಿ. ಧಣಿಯನ್ನು ಇಲ್ಲಿ ಅರಬಾಬ ಎನ್ನುತ್ತಾರೆ. ತೋಟವೆಂದರೆ ಖರ್ಜೂರದ ಮರಗಳು, ಅವುಗಳಾಚೆ ಆಡು ಒಂಟೆಗಳಿಗೆಂದು ಬೆಳೆಸುವ ಹಸಿರು ಹುಲ್ಲಿನ ಗದ್ದೆ. ಗದ್ದೆಯ ಅಂಚಿಗೆ ಮೊಣಕಾಲೆತ್ತರದ ಮಣ್ಣಿನ ಗೋಡೆ, ಗೋಡೆಯಾಚೆ ಸರಕಾರದ ಬೋಳುಗುಡ್ಡ. ಆ ಗುಡ್ಡದಲ್ಲಿ ಜಿಂಕೆಗಳಿವೆ. ನಮ್ಮ ಊರಿನ ಚುಕ್ಕೆಯ ಜಿಂಕೆಯಲ್ಲ. ಆಡಿನ ಗಾತ್ರದ, ಮರಳಿನ ಬಣ್ಣದ, ಕಡ್ಡಿಕಾಲಿನ ಪ್ರಾಣಿಗಳು. ಅವನ್ನು ಮುಟ್ಟಿದವನಿಗೆ ಇಲ್ಲಿ ಜೈಲೇ ಗತಿ. ಹಗಲೆಲ್ಲ ಗುಡ್ಡದಲ್ಲಿ ನೆರಳು ಹುಡುಕಿಕೊಂಡು ಬಿದ್ದಿದ್ದು, ಬೆಳಕು ಹರಿಯುವ ಹೊತ್ತಿಗೆ ಗೋಡೆ ಹಾರಿ ಹುಲ್ಲಿಗಿಳಿಯುವುದು ಅವುಗಳ ದಿನಚರಿ. ಆಮೇಲೆ ನನಗೆ ಫೋನ್ ಮಾಡುವುದು ಮಾವನ ದಿನಚರಿ.

"ಹುಲ್ಲು ಅರಬಾಬಂದು. ಗುಡ್ಡ ಸರಕಾರದ್ದು. ಹಾಗಾದ್ರೆ ಜಿಂಕೆ ಯಾರದ್ದು? ಹೇಳು ನೋಡುವ!"

ಮಸ್ಕತ್ತಿನ ಅಜೈಬಾದ ಮನೆಯಲ್ಲಿ, ಒಂದು ಕೈಯಲ್ಲಿ ದೋಸೆಯ ಸಟ್ಟುಗ, ಇನ್ನೊಂದರಲ್ಲಿ ಮಗಳ ಜಡೆ ಹಿಡಿದು ನಿಂತ ನಾನು ಏನೆಂದು ಹೇಳಲಿ? ಶಾಲೆಯ ಬಸ್ಸು ಕೆಳಗೆ ಹಾರ್ನ್ ಹೊಡೆಯುತ್ತಿರುತ್ತದೆ. "ನಿಮ್ಮದೇ ಮಾವ, ನಿಮ್ಮದೇ" ಎಂದು ಫೋನಿಟ್ಟರೆ ಎರಡು ನಿಮಿಷಕ್ಕೆ ಮತ್ತೆ ರಿಂಗು. "ನನ್ನದು ಹೇಗೆ ಆಗ್ತದೆ ಮಾರಾಯ್ತಿ? ಸ್ವಲ್ಪ ತಲೆ ಉಪಯೋಗಿಸು!" ದೋಸೆ ಸೀದುಹೋಗುತ್ತದೆ. ಅದು ಮಾತ್ರ ಯಾವ ಸಂಶಯವೂ ಇಲ್ಲದೆ ನನ್ನದು.

ಮನೆಯೊಳಗಾದರೆ ಹೇಗೋ ಸಹಿಸಬಹುದು. ಒಮ್ಮೆ ಈದ್ ರಜೆಯಲ್ಲಿ ಸೂರಿನ ಒಂದು ಹೋಟೆಲಿಗೆ ಅವರನ್ನು ಊಟಕ್ಕೆ ಕರೆದುಕೊಂಡು ಹೋದೆವು. ಮೀನು ಬರುವುದು ತಡವಾಯಿತು. ತಡವಾದರೆ ಮಾವ ಸುಮ್ಮನಿರುವ ಜಾತಿಯೇ? ಸುತ್ತಿದ ರೊಟ್ಟಿಯನ್ನೇ ಕೋವಿಯ ಹಾಗೆ ಭುಜಕ್ಕಿಟ್ಟು, ಒಂದು ಕಣ್ಣು ಮುಚ್ಚಿ, "ಹೊಡೆಯುವುದಾದ್ರೆ ಮುದಿ ಗಂಡು ಜಿಂಕೆಗೇ ಹೊಡೀಬೇಕು! ಮುಂಗಾಲಿನ ಹಿಂದೆ, ಇಲ್ಲಿಗೇ!" ಎಂದು ನನ್ನ ಗಂಡನ ಪಕ್ಕೆಗೆ ಬೆರಳು ಚುಚ್ಚಿದರು. ಪಕ್ಕದ ಮೇಜಿನಲ್ಲಿ ಸಮವಸ್ತ್ರ ತೊಟ್ಟ ಒಬ್ಬರು ಕುಳಿತಿದ್ದರು. ಅವರು ಎದ್ದು ಬಂದು ಹಿಂದಿಯಲ್ಲಿ, "ಈ ಹಿರಿಯರು ಅಷ್ಟು ಜೋರಾಗಿ ಏನು ಹೇಳುತ್ತಿದ್ದಾರೆ?" ಎಂದು ನಗುತ್ತ ಕೇಳಿದರು. ನಾನು ಮೆನು ಕಾರ್ಡಿನ ಹಿಂದೆ ಮುಖ ಅಡಗಿಸಿದೆ. ಗಂಡ ಮಾತ್ರ ಕಣ್ಣು ಪಿಳುಕಿಸದೆ, "ಕ್ರಿಕೆಟ್" ಎಂದರು. ಪುಣ್ಯಾತ್ಮ ತಲೆಯಾಡಿಸಿ ಹೋದ. ಮಾವನಿಗೆ ಮಾತ್ರ ಸಿಟ್ಟು: "ಕ್ರಿಕೆಟ್ ಅಂತ ಯಾಕೆ ಹೇಳಿದ್ದು? ಅವರ ಅಭಿಪ್ರಾಯವೂ ಕೇಳಬಹುದಿತ್ತಲ್ಲ!"

ಮಗಳ ಎಂಟನೆಯ ಹುಟ್ಟುಹಬ್ಬದ ಕಥೆಯಂತೂ ಬೇಡವೇ ಬೇಡ. ಆದರೂ ಹೇಳುತ್ತೇನೆ. ಕೇಕ್ ಹಂಚಲು ಚೂರಿಯನ್ನು ಮಾವನ ಕೈಗೆ ಕೊಟ್ಟದ್ದು ನನ್ನ ತಪ್ಪು. ಅವರು ಹನ್ನೆರಡು ಮಕ್ಕಳನ್ನು ಸಾಲಾಗಿ ಕೂರಿಸಿ ಊರಿನ ಬೇಟೆಯ ಪಾಲಿನ ಕ್ರಮ ಹೇಳಿಕೊಟ್ಟರು. ಹೊಡೆದವನಿಗೆ ತಲೆ, ಯಾರ ಜಾಗದಲ್ಲಿ ಬಿತ್ತೋ ಅವರಿಗೊಂದು ತೊಡೆ, ನಾಯಿಗೂ ಒಂದು ಪಾಲು! ಚೂರಿ ಹಿಡಿದದ್ದು ತಾನಾದ್ದರಿಂದ ಚಾಕಲೇಟ್ ಗುಲಾಬಿಯಿದ್ದ ತುಂಡು ಅವರಿಗೇ ಹೋಯಿತು. ಮೇಜು ನಮ್ಮದೆಂದು ನನಗೊಂದು ದೊಡ್ಡ ತುಂಡು. ನಾಯಿಯ ಪಾಲಿಗಾಗಿ ಇಬ್ಬರು ಹುಡುಗರು ಹೊಡೆದಾಡಿಕೊಂಡರು. ಹುಟ್ಟುಹಬ್ಬದ ಹುಡುಗಿಗೆ ಉಳಿದದ್ದು ಕ್ರೀಮು ಹತ್ತಿದ ರಟ್ಟು.

"ಅಜ್ಜಾ, ದಿಸ್ ಈಸ್ ನಾಟ್ ಫೇರ್!" ಎಂದು ಅವಳು ಕಿರುಚಿದಳು.

"ನೀನು ಬೇಟೆಗೆ ಬಂದೇ ಇಲ್ಲವಲ್ಲ ಮಗಾ," ಎಂದರು ಮಾವ, ಗುಲಾಬಿ ತಿನ್ನುತ್ತ.

ಈ ಮನುಷ್ಯನ ಮೇಲೆ ಎಷ್ಟು ದಿನ ನಗುವುದು? ಕಳೆದ ಚಳಿಗಾಲದಲ್ಲಿ ನಗುವುದೇ ನಿಂತುಹೋಯಿತು. ದೊಡ್ಡ ಅರಬಾಬರಿಗೆ ಮೈಯಲ್ಲಿ ಹುಷಾರಿಲ್ಲದೆ, ತೋಟದ ಉಸ್ತುವಾರಿ ಮಗನ ಕೈಗೆ ಬಂತು. ಮಗ ಒಳ್ಳೆಯವನೇ, ಹಿಂದಿಯನ್ನು ನಮಗಿಂತ ಚೆನ್ನಾಗಿ ಮಾತಾಡುತ್ತಾನೆ. ಅವನು ಅರ್ಧ ಮೇಯ್ದ ಗದ್ದೆಯನ್ನು ನೋಡಿ, "ಮುಂದಿನ ಕೊಯ್ಲಿನೊಳಗೆ ಜಿಂಕೆ ನಿಲ್ಲಬೇಕು. ಇಲ್ಲವಾದರೆ ಈ ಗದ್ದೆ ಖಲಾಸ್. ಈಜುಕೊಳ ಕಟ್ಟಿಸಿ, ವಾರದ ಕೊನೆಗೆ ಬರುವ ಕುಟುಂಬಗಳಿಗೆ ಬಾಡಿಗೆಗೆ ಕೊಡುತ್ತೇನೆ" ಎಂದ. ಈಜುಕೊಳಕ್ಕೆ ಹುಲ್ಲಿನ ಮೇಸ್ತ್ರಿ ಯಾಕೆ? ಗದ್ದೆ ಹೋದರೆ ಮಾವನ ಕೆಲಸ ಹೋಯಿತು, ಕೆಲಸದ ಜೊತೆ ವೀಸಾ, ವೀಸಾದ ಜೊತೆ ಅವರೇ ಗುಂಡಿ ತೋಡಿ ನೆಟ್ಟ ಆ ಖರ್ಜೂರದ ಮರಗಳು. ಹುಡುಗ ಉಪಾಯವನ್ನೂ ತಾನೇ ಹೇಳಿದ್ದ: ಆಳೆತ್ತರದ ತಂತಿ ಬೇಲಿ. ಮಾವ "ಹೂಂ" ಎಂದರೆ ಸಾಕಿತ್ತು.

ಮಾವ ಹೂಂ ಎನ್ನುತ್ತಾರೆಯೇ? ಅವರು ಶುಕ್ರವಾರದ ಸಭೆ ಕರೆದರು!

ಈ ಸಭೆಯ ಸದಸ್ಯರು ಮೂವರು. ಮೂವರೂ ಊರಲ್ಲಿ ಒಂದು ಕಾಲಕ್ಕೆ ಬೇಟೆಗಾರರು, ಮೂವರೂ ಇಲ್ಲಿ ಕೋವಿ ಕಂಡವರಲ್ಲ. ಒಬ್ಬರು ಮಾವ. ಎರಡನೆಯವರು ಸೂರಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಬ್ಯಾರಿ ಕಾಕ, ಉಳ್ಳಾಲದ ಕಡೆಯವರು, ಮೊಲದ ಬೇಟೆಯಲ್ಲಿ ಪಳಗಿದವರಂತೆ. ಮೂರನೆಯವರು ಬಾಗಲಕೋಟೆ ಕಡೆಯ ಇಂಜಿನಿಯರು, ಹತ್ತಿರದ ಗ್ಯಾಸ್ ಸ್ಥಾವರದಲ್ಲಿ ಮೀಟರು ನೋಡುವ ಕೆಲಸ. ಅಪ್ಪನ ಜೊತೆ ಕೌಜುಗ ಹೊಡೆದವರು. ಖರ್ಜೂರದ ನೆರಳಲ್ಲಿ ಚಾಪೆ, ಚಾಪೆಯ ಮೇಲೆ ಚಹಾ, ಚಹಾದ ಮೇಲೆ ಜಗಳ.

"ಗುಡ್ಡದಲ್ಲೇ ನೀರು ಇಟ್ರೆ, ಹುಲ್ಲು ಹಾಕಿದ್ರೆ ಅದು ಕೆಳಗೆ ಯಾಕೆ ಬರ್ತದೆ ಗೌಡ್ರೇ?" ಎಂದು ಕಾಕ ಮಾವನನ್ನು ಕೇಳಿದರು.

"ಗುಡ್ಡ ನಿಮ್ಮ ಅಂಗಡಿಯಾ ಸಾಹೇಬ್ರೇ, ಬೇಕಾದ್ದು ಇಡ್ಲಿಕ್ಕೆ? ಸರಕಾರದ್ದು ಅದು! ಮುದಿ ಗಂಡುಗಳನ್ನು ತೆಗೀಬೇಕು, ಹಿಂಡು ತನ್ನಷ್ಟಕ್ಕೆ ಹತೋಟಿಗೆ ಬರ್ತದೆ."

"ಮುದಿ ಗಂಡು ತೆಗೆಯೋದಂದ್ರ ಮೊದಲು ನಮ್ಮ ಮೂರೂ ಮಂದಿನ್ನ ತೆಗೀಬೇಕಾಗ್ತದ ನೋಡ್ರಿ," ಎಂದರು ಇಂಜಿನಿಯರು. "ಅದೆಲ್ಲಾ ಆಮ್ಯಾಲ. ಎಷ್ಟದಾವ ಅಂತ ಮೊದಲ ಎಣಿಸ್ರಿ. ಲೆಕ್ಕಿಲ್ಲದ ಮಾತು ಅಂದ್ರ ಮುಳ್ಳಿಲ್ಲದ ಮೀಟರ್ ಇದ್ದಂಗ!"

ಎಣಿಸಿದರು. ಮರುದಿನ ಬೆಳಗ್ಗೆ ಮೂವರೂ ಗದ್ದೆಯ ಮೂರು ಮೂಲೆಯಲ್ಲಿ ಕುಳಿತು ಎಣಿಸಿದರು. ಕಾಕನ ಲೆಕ್ಕಕ್ಕೆ ಹದಿನೇಳು, ಇಂಜಿನಿಯರರ ಲೆಕ್ಕಕ್ಕೆ ಹನ್ನೊಂದು, ಮಾವನದು ಹದಿನಾಲ್ಕು. ವಿಚಾರಿಸಿದಾಗ ತಿಳಿದದ್ದು: ಕಾಕ ಅರಬಾಬರ ಮೂರು ಆಡುಗಳನ್ನೂ ಸೇರಿಸಿದ್ದರು. ಇಂಜಿನಿಯರರು ಕನ್ನಡಕ ಕಾರಿನಲ್ಲಿ ಬಿಟ್ಟಿದ್ದರು. ಸಭೆಯ ತೀರ್ಮಾನ? ಮುಂದಿನ ಶುಕ್ರವಾರ ಮತ್ತೊಂದು ಸಭೆ!

ಕೊಯ್ಲಿಗೆ ಹತ್ತು ದಿನ ಉಳಿದಿತ್ತು. ನಾನು ಫೋನಿನಲ್ಲಿ ಕಿರುಚಿಬಿಟ್ಟೆ. "ಮಾವ, ನಿಮ್ಮ ಕೆಲಸ ಹೋಗ್ತದೆ! ಬೇಲಿ ಹಾಕಿಸಿ, ಮುಗೀತಲ್ಲ!"

"ಬೇಲಿ ಹಾಕಿದ್ರೆ ಅವು ಬದಿಗೆ ಹೋಗ್ತವೆ. ಬದಿಯಲ್ಲಿ ಎಂತ ಉಂಟು? ಹೈವೇ. ಅಲ್ಲಿ ಲಾರಿಯವ ಬಂದು ಅವುಗಳ ಅಭಿಪ್ರಾಯ ಕೇಳ್ತಾನಾ?"

"ಅವುಗಳದ್ದಿರಲಿ, ನಿಮ್ಮದು ಏನು? ಹೊಡೀಬೇಕು ಅಂತೀರಿ, ಬೇಲಿ ಬೇಡ ಅಂತೀರಿ!"

"ಅದು ನಿನಗೆ ಅರ್ಥ ಆಗ್ಲಿಕ್ಕಿಲ್ಲ. ಬೇಟೆಯವರ ವಿಷಯ."

ಸಾಕಪ್ಪಾ ಸಾಕು! ಗುರುವಾರ ಸಂಜೆಯೇ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಗಂಡನನ್ನು ಕಾರಿಗೆ ಹತ್ತಿಸಿ ತೋಟಕ್ಕೆ ಹೊರಟೆ. ಏನಾದರಾಗಲಿ, ಶುಕ್ರವಾರ ಬೆಳಗ್ಗೆ ನಾನೇ ನಿಂತು ಬೇಲಿ ಹಾಕಿಸುವುದೆಂದು ನಿರ್ಧಾರ.

ಬೆಳಕು ಹರಿಯುವ ಮೊದಲೇ ಅರಬಾಬರ ಮಗನೂ ಬಂದ. ಪಿಕಪ್ಪಿನ ತುಂಬ ತಂತಿಯ ಸುರುಳಿ. ಕಾಕ, ಇಂಜಿನಿಯರು ಇಬ್ಬರೂ ಹಾಜರು. ಹುಡುಗ ಬಿಳಿ ನಿಲುವಂಗಿ ಎತ್ತಿಕಟ್ಟಿ ಗೋಡೆಯ ಮೇಲೆ ಕುಳಿತು ಕೇಳಿದ: "ಚಾಚಾ, ನಾನು ಚಿಕ್ಕವನಿದ್ದಾಗಿಂದ ನೀವು ಅಪ್ಪನಿಗೆ ಈ ಜಿಂಕೆಗಳ ವಿಷಯವನ್ನೇ ಹೇಳುವುದು ಕೇಳಿದ್ದೇನೆ. ಈಗ ನನಗೆ ಹೇಳಿ. ಏನು ಮಾಡೋಣ?"

ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ಕೇಳಬೇಕಾದವನು ಕೇಳಬೇಕಾದವರನ್ನು ಕೇಳಿದ್ದ! ನಾವೆಲ್ಲ ಭಾಷಣಕ್ಕೆ ಮೈ ಗಟ್ಟಿಮಾಡಿಕೊಂಡೆವು. ಮಾವ ಬಾಯಿ ತೆರೆದರು. ಕಾಕನ ಕೈಯಿಂದ ಲೋಟ ಕಸಿದು ಒಂದು ಗುಟುಕು ಚಹಾ ಕುಡಿದರು.

ಅಷ್ಟರಲ್ಲಿ ಜಿಂಕೆಗಳು ಬಂದವು. ಸದ್ದೇ ಇಲ್ಲ, ಗುಡ್ಡದ ತುಂಡುಗಳೇ ಕಳಚಿ ಇಳಿದು ಬಂದ ಹಾಗೆ. ಗೋಡೆ ಹಾರಿ, ನಾವು ಅಲ್ಲಿಲ್ಲವೇನೋ ಎಂಬಂತೆ ತಲೆ ಬಗ್ಗಿಸಿ ಮೇಯತೊಡಗಿದವು. ಹುಡುಗ ಓಡಿಸಲೆಂದು ಒಂದು ಕಲ್ಲು ಹೆಕ್ಕಿದ.

"ಕಲ್ಲು ಬೇಡ!" ಎಂದರು ಮಾವ. ಎದ್ದು, ಗದ್ದೆಯ ಈಚೆ ಬದಿಗೆ ನಡೆದು, ಎರಡೂ ಅಂಗೈ ಬಾಯಿಗೆ ಸೇರಿಸಿ ಒಂದು ಕೂಗು ಹಾಕಿದರು. "ಹೋಯ್... ಹೊಹೊಹೋ... ಹೋಯ್!" ಹೆದರಿಸುವ ಕೂಗಲ್ಲ, ದನ ಅಟ್ಟಿಕೊಂಡು ಮನೆಗೆ ಬರುವವರ ಹಾಗೆ ನಿಧಾನ. ಜಿಂಕೆಗಳು ತಲೆಯೆತ್ತಿದವು. ದಿಕ್ಕಾಪಾಲಾಗಿ ಓಡಲಿಲ್ಲ. ಒಂದರ ಹಿಂದೊಂದು ಗೋಡೆ ಹಾರಿ ಗುಡ್ಡದ ಕಡೆ ನಡೆದವು, ದಿನಾ ಕೇಳುವ ಶಾಲೆಯ ಗಂಟೆ ಕೇಳಿದವರಂತೆ.

ಹುಡುಗನ ಕೈಯಿಂದ ಕಲ್ಲು ಜಾರಿತು. "ಇದು ನಿಮಗೆ ಬರುತ್ತಿತ್ತೇ? ಹಾಗಾದರೆ ಇಷ್ಟು ದಿನ ಯಾಕೆ ಓಡಿಸಲಿಲ್ಲ?"

"ದಿನಾ ಓಡಿಸ್ತೇನೆ. ತಿಂದಾದ ಮೇಲೆ."

"ತಿಂದಾದ ಮೇಲೆಯೇ?"

"ಮತ್ತೆ? ಎಲೆ ಮುಂದೆ ಕೂತವರನ್ನು ಅರ್ಧದಲ್ಲಿ ಎಬ್ಬಿಸುವುದುಂಟಾ?" ಎಂದು ಕನ್ನಡದಲ್ಲೇ ಹೇಳಿ ನನ್ನ ಕಡೆ ನೋಡಿದರು. ನಾನು ಹಣೆ ಚಚ್ಚಿಕೊಂಡೆ. ಕೆಲಸ ಹೋಗುವ ಹೊತ್ತಿನಲ್ಲೂ ಈ ಮನುಷ್ಯ ಜಿಂಕೆಗಳನ್ನು ಪಂಕ್ತಿಗೆ ಕೂರಿಸಿದ್ದರು! ಅದನ್ನು ಹಿಂದಿಗೆ ಹೇಗೆ ತರುವುದು? ಹೇಗೋ ಹೇಳಿದೆ: ಊಟಕ್ಕೆ ಕುಳಿತ ಅತಿಥಿಯನ್ನು ನಮ್ಮಲ್ಲಿ ಎಬ್ಬಿಸುವುದಿಲ್ಲ. ಹುಡುಗ ಕೈಯ ಮಣ್ಣು ಕೊಡವಿದ. "ನಮ್ಮಲ್ಲೂ ಇಲ್ಲ," ಎಂದ.

ಕಾಕ ಮಾತ್ರ ಬೇರೆಯೇ ಯೋಚನೆಯಲ್ಲಿದ್ದರು. "ಗೌಡ್ರೇ, ಈ ಕೂಗು ಕೋವಿ ಹಿಡಿದವರದ್ದಲ್ಲವಲ್ಲ. ಕೋವಿಯವ ಉಸಿರು ಬಿಗಿಹಿಡಿದು ಕೂತಿರ್ತಾನೆ. ಇದು ಕಾಡು ನುಗ್ಗಿ ಮೃಗ ಎಬ್ಬಿಸುವವರ ಕೂಗು."

ಮಾವನ ಕಿವಿ ಕೆಂಪಾಯಿತು. ಹೆಗಲ ಮೇಲಿನ ಬೈರಾಸಿನಿಂದ ಸುಮ್ಮನೆ ಮುಖ ಒರೆಸಿಕೊಂಡರು.

"ಹೌದು ಸಾಹೇಬ್ರೇ. ಕೋವಿ ಊರಲ್ಲಿ ನನ್ನ ಭಾವನದ್ದು. ನನ್ನ ಕೈಗೆ ಯಾರೂ ಕೊಟ್ಟೇ ಇಲ್ಲ. ನಾನು ಬೊಬ್ಬೆಯ ಸಾಲಿನಲ್ಲಿ. ಸೊಪ್ಪು ಬಡಿದು, ಕೂಗಿ, ಅವನ್ನು ಎಬ್ಬಿಸಿ ಆಚೆಗೆ ಕಳಿಸ್ತಿದ್ದೆ. ಚಂದ ಮಾಡಿ ಸಾಲಾಗಿ ಹೋಗ್ತಿದ್ದವು, ನನ್ನ ಮಾತು ಕೇಳಿ. ಆಮೇಲೆ ಆಚೆ ಕಡೆಯಿಂದ ಢಂ ಅಂತ ಕೇಳ್ತಿತ್ತು." ಗುಡ್ಡದ ಕಡೆ ನೋಡಿದರು. "ಇಲ್ಲಿ ಕೂಗಿ ಕಳಿಸಿದ್ರೆ ಆಚೆ ಕಡೆ ಯಾರೂ ಇಲ್ಲ ನೋಡಿ."

"ಅಯ್ಯ ಗೌಡ್ರ..." ಎಂದ ಇಂಜಿನಿಯರರು ಕನ್ನಡಕ ತೆಗೆದು ಒರೆಸತೊಡಗಿದರು.

ನಾನು ಹಿಂದಿಗೆ ತಿರುಗಿಸಲು ಹೋದೆ. ಮಾವನ ಮುಖ ನೋಡಿಯೇ ಅರ್ಥವಾದವನಂತೆ ಹುಡುಗ ಬೇಡವೆಂದು ಕೈಯಾಡಿಸಿದ. ಗೋಡೆಯುದ್ದಕ್ಕೂ ನಡೆದು, ಹೆಜ್ಜೆಯಲ್ಲೇ ಅಳೆದು, ಕಾಲಿನಿಂದ ಮಣ್ಣಲ್ಲೊಂದು ಗೆರೆ ಎಳೆದ. "ಗೋಡೆಯಿಂದ ಇಲ್ಲಿಯವರೆಗಿನ ಹುಲ್ಲು ಅವಕ್ಕೆ. ಗೆರೆ ದಾಟಿದರೆ ನೀವು ಕೂಗಬೇಕು ಚಾಚಾ, ಊಟ ಮುಗಿಯಲಿ, ಬಿಡಲಿ. ಉಳಿದ ಹುಲ್ಲು ಕೊಯ್ಲಿಗೆ ಪೂರ್ತಿ ಸಿಗಬೇಕು. ಅಷ್ಟಾದರೆ ಗದ್ದೆ ಇರುತ್ತದೆ, ನೀವೂ ಇರುತ್ತೀರಿ." ತಂತಿಯ ಸುರುಳಿಗಳನ್ನು ಇಳಿಸದೆಯೇ ಪಿಕಪ್ ಹತ್ತಿ, "ಯಲ್ಲಾ" ಎಂದು ಹೊರಟ.

ಗಂಡ ಚಹಾ ಕಾಯಿಸಲು ಹೋದರು. ಸಭೆಯ ಇಬ್ಬರು ಸದಸ್ಯರೂ ಅವರ ಹಿಂದೆ ಹೋದರು. ಆಗ ನಾನು ನೋಡಿದೆ: ಗದ್ದೆಯ ನಟ್ಟನಡುವೆ, ಗೆರೆಯಿಂದ ಎಷ್ಟೋ ಈಚೆ, ಹುಲ್ಲಿನಿಂದ ಎರಡು ಕಿವಿಗಳು ಮಾತ್ರ ಎದ್ದು ನಿಂತಿದ್ದವು. ಒಂದು ಮರಿ. ಗುಡ್ಡದ ಅಂಚಿನಲ್ಲಿ ಅದರ ತಾಯಿ ತಿರುಗಿ ನಿಂತಿತ್ತು.

"ಮಾವ, ಒಂದು ಉಳಿದಿದೆ. ಕೂಗಿ, ಬೇಗ!"

ಮಾವ ಅಂಗೈಗಳನ್ನು ಬಾಯಿಯವರೆಗೆ ತಂದರು. ಅಲ್ಲಿಂದ ಮೆಲ್ಲಗೆ ಇಳಿಸಿ, ನನ್ನ ಮೊಣಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮರಿ ತಿಂದು ಮುಗಿಸಿ, ಎರಡು ಸಲ ಎಡವಿ, ಗೋಡೆ ಹತ್ತಿ ತಾಯಿಯ ಹತ್ತಿರ ಹೋಗುವವರೆಗೂ ನಾವಿಬ್ಬರೂ ಮುಖ ಆಚೆ ತಿರುಗಿಸಿಕೊಂಡು, ಏನೂ ನೋಡದವರ ಹಾಗೆ ಕುಳಿತಿದ್ದೆವು. ಅಷ್ಟು ಹೊತ್ತಿನಲ್ಲಿ ಮಾವ ಒಂದೇ ಒಂದು ಅಭಿಪ್ರಾಯವನ್ನೂ ಹೇಳಲಿಲ್ಲ.