ದ್ರಾಕ್ಷಿ ಬಳ್ಳಿಗೆ ನಾನು ಮಾಡಿದ ಉಪಕಾರ

ದೇವರ ವಾಕ್ಯ ಓದುವವರಲ್ಲಿ ಎರಡು ಬಗೆ. ತಮಗಾಗಿ ಓದುವವರು ಒಂದು, ಪಕ್ಕದವರಿಗಾಗಿ ಓದುವವರು ಇನ್ನೊಂದು. ನಾನು ಎರಡನೆಯ ಬಗೆಯವನು. ಸೋಮಾರಿತನದ ಬಗ್ಗೆ ಒಂದು ಮಾತು ಕಣ್ಣಿಗೆ ಬಿದ್ದರೆ ತಕ್ಷಣ ಭಾವಮೈದುನ ನೆನಪಾಗುತ್ತಾನೆ. ನಾಲಿಗೆಯ ಹತೋಟಿಯ ಬಗ್ಗೆ ಬಿದ್ದರೆ... ಬೇಡ ಬಿಡಿ, ಮನೆಯವಳು ಇದನ್ನು ಓದುತ್ತಾಳೆ. ಇಷ್ಟೊಂದು ಪರೋಪಕಾರ ಬುದ್ಧಿಯಿರುವವನಿಗೆ ಸ್ವಂತ ಆತ್ಮಕ್ಕೆ ಊಟ ಹಾಕಲು ಪುರುಸೊತ್ತೆಲ್ಲಿ?

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಬೆನ್ಸನ್ ಟೌನ್ ಬಿಟ್ಟು ರಾಮಮೂರ್ತಿ ನಗರಕ್ಕೆ ಬಾಡಿಗೆಗೆ ಬಂದೆವು. ಮನೆಯ ಓನರ್ ಮುನಿಯಮ್ಮ ಮೇಲಿನ ಮಹಡಿಯಲ್ಲಿದ್ದರು. ಆ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ಮನೆಯವರ ದ್ರಾಕ್ಷಿ ತೋಟವಂತೆ. ತೋಟ ಸೈಟಾಗಿ, ಸೈಟು ಮನೆಯಾದ ಮೇಲೆ ಉಳಿದದ್ದು ನಮ್ಮ ಅಂಗಳದ ಚಪ್ಪರಕ್ಕೆ ಹಬ್ಬಿದ್ದ ಒಂದೇ ಬಳ್ಳಿ. ಅದರ ಹಣ್ಣು ಪ್ರತಿ ವರ್ಷ ಅವರ ಮೊಮ್ಮಕ್ಕಳ ಪಾಲು.

ಹೀಗಿರುವಾಗ ನಮ್ಮ ಸಭೆಯ ಪಾದ್ರಿ ಅಯ್ಯನವರು, "ಮುಂದಿನ ತಿಂಗಳ ಮನೆಪ್ರಾರ್ಥನೆ ನಿಮ್ಮಲ್ಲೇ ಇಟ್ಕೊಳ್ಳೋಣ. ದ್ರಾಕ್ಷಿ ಬಳ್ಳಿ ಮತ್ತು ಕೊಂಬೆಗಳ ಬಗ್ಗೆ ನೀವೇ ನಾಲ್ಕು ಮಾತಾಡಿ" ಎಂದರು. ನಾಲ್ಕೇ ಮಾತೆಂದು ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ. ಬೈಬಲಿನಲ್ಲಿ ಕರ್ತನು ತಾನೇ ಬಳ್ಳಿ, ನೀವು ಕೊಂಬೆಗಳು ಎನ್ನುವ ಆ ಅಧ್ಯಾಯ ತೆರೆದೆ. ಫಲ ಕೊಡದ ಕೊಂಬೆಯನ್ನು ಕತ್ತರಿಸುವುದು, ಕೊಡುವುದನ್ನೂ ಸವರುವುದು ಎಂಬಲ್ಲಿಗೆ ಬರುತ್ತಲೇ ಎಷ್ಟು ಹಿಗ್ಗಿದೆನೆಂದರೆ ಮುಂದೆ ಓದುವ ಅಗತ್ಯವೇ ಕಾಣಲಿಲ್ಲ. ಸಭೆಯಲ್ಲಿ ಒಣಗಿದ ಕೊಂಬೆಗಳು ಯಾರ್ಯಾರೆಂದು ನನಗೆ ಮೊದಲೇ ಗೊತ್ತಿತ್ತಲ್ಲ! ಪ್ರಸಂಗಕ್ಕೆ ಬರೀ ಬಾಯಿಮಾತು ಸಾಲದು, ಕಣ್ಣಿಗೆ ಕಾಣುವ ಉದಾಹರಣೆ ಬೇಕು ಎಂದುಕೊಂಡು ಶಿವಾಜಿನಗರದಿಂದ ದೊಡ್ಡದೊಂದು ಕತ್ತರಿ ತಂದು ಸ್ಟೂಲು ಹತ್ತಿದೆ.

ಮೊದಲು ಒಣಗಿದ್ದನ್ನು ತೆಗೆದೆ. ಆಮೇಲೆ ಒಣಗಬಹುದಾದದ್ದನ್ನು ತೆಗೆದೆ. ಆಮೇಲೆ ಎಡಗಡೆಗೂ ಬಲಗಡೆಗೂ ಸಮ ಬರಲಿಲ್ಲವೆಂದು ಎರಡೂ ಕಡೆ ತೆಗೆದೆ. ನನ್ನ ಹೆಂಡತಿ ಗ್ರೇಸಿ ಹೊರಗೆ ಬರುವಷ್ಟರಲ್ಲಿ ಎಳೆ ಗೊಂಚಲುಗಳ ಸಮೇತ ಬಳ್ಳಿ ನೆಲದಲ್ಲಿತ್ತು, ಚಪ್ಪರದ ಮೇಲೆ ಆಕಾಶವಿತ್ತು.

"ಏನ್ರೀ ಇದು?" ಎಂದಳು.

"ಫಲ ಹೆಚ್ಚಾಗ್ಲಿ ಅಂತ ಸವರ್ದೆ. ಬರ್ದಿದೆ, ಓದ್ಕೋ."

"ಓದಿದೀನಿ. ತೋಟಗಾರ ದೇವರು ಅಂತ ಬರ್ದಿದೆ. ನಾವೆಲ್ಲ ಬರೀ ಕೊಂಬೆ. ನಿಮ್ಗ್ಯಾರ್ರೀ ಕತ್ತರಿ ಕೊಟ್ಟಿದ್ದು?"

ಅಂಥ ಪ್ರಶ್ನೆ ಬಂದಾಗ ಗಂಡಸರು ಸ್ಟೂಲಿನಿಂದ ಇಳಿಯುತ್ತಾರೆ. ನಾನು ಇಳಿದೆ. ಅಷ್ಟರಲ್ಲಿ ಮೇಲಿಂದ ಎಲ್ಲ ಕೇಳಿಸಿಕೊಂಡ ಮುನಿಯಮ್ಮ ಇಳಿದು ಬಂದರು. ಬೈಯುತ್ತಾರೆಂದುಕೊಂಡೆ. ಅವರು ಒಂದು ಎಳೆ ಗೊಂಚಲನ್ನು ಕೈಗೆತ್ತಿಕೊಂಡು ಸೆರಗಿನಲ್ಲಿ ಅದರ ಮಣ್ಣು ಒರೆಸಿದರು. "ನಮ್ಮತ್ತೆ ಕೈಯಾರೆ ನೆಟ್ಟಿದ್ದು ಸಾ ಇದು. ಈ ಸಲ ಮಕ್ಕಳ್ಗೆ ಏನ್ ಕೊಡ್ಲಿ? ನಿಮ್ ಪ್ರಸಂಗಾನಾ?" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೋಗುವಾಗ, "ಬೆಳಿಗ್ಗೆ ಎದ್ದು ನೀವೇ ನೀರು ಹಾಕ್ಬೇಕು" ಎಂದು ಆಜ್ಞೆ ಮಾಡಿದರು.

ಹಾಕಿದೆ. ದಿನಾ ಬೆಳಿಗ್ಗೆ ಆ ಬೋಳು ಬುಡಕ್ಕೆ ನೀರು ಬಿಟ್ಟು, ಅದು ಇಂಗುವವರೆಗೆ ಬೇರೆ ಕೆಲಸವಿಲ್ಲದೆ ಅದೇ ಅಧ್ಯಾಯವನ್ನು ಮುಂದಕ್ಕೆ ಓದಿದೆ. ಕತ್ತರಿಯ ಸುದ್ದಿ ಮೊದಲಲ್ಲೇ ಮುಗಿದುಹೋಗಿತ್ತು. ಆಮೇಲಿನದೆಲ್ಲ ನೆಲೆಸಿರು, ನೆಲೆಸಿರು ಎಂಬ ಒಂದೇ ಮಾತು. ಕೊಂಬೆಯ ಕೆಲಸ ಬಳ್ಳಿಯನ್ನು ಬಿಡದೆ ಇರುವುದು, ಅಷ್ಟೇ. ಪಕ್ಕದ ಕೊಂಬೆಯ ಹಣ್ಣು ಎಣಿಸಬೇಕೆಂದು ಎಲ್ಲಾದರೂ ಇದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಅಷ್ಟು ವರ್ಷ ಊರಿಗೆಲ್ಲ ಬಡಿಸಿದವನಿಗೆ ಆ ಅಂಗಳದಲ್ಲಿ ಮೊದಲ ಸಲ ಹಸಿವಾಯಿತು, ಒಂದಿಷ್ಟು ಹೊಟ್ಟೆಯೂ ತುಂಬಿತು. ಒಂದು ಬೆಳಿಗ್ಗೆ ಬುಡದ ಹತ್ತಿರ ಕೆಂಪು ಚಿಗುರು ಕಂಡಾಗ ಮುನಿಯಮ್ಮನವರನ್ನು ಕೂಗಿ ಕರೆದೆ. "ಬದುಕ್ಕೊಂತು ಬಿಡಿ. ಮುಂದಿನ ವರ್ಷ ಬಿಡ್ತದೆ" ಎಂದು ಮೊದಲ ಸಲ ನಕ್ಕರು.

ಮನೆಪ್ರಾರ್ಥನೆಯ ದಿನ ಒಣಗಿದ ಕೊಂಬೆಗಳ ಮಾತೇ ಎತ್ತಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿ, ನಾನು ಬರೀ ಒಂದು ಕೊಂಬೆ ಎಂದು ಕುಳಿತೆ. ಕೆಲವರು ಕಣ್ಣೊರೆಸಿಕೊಂಡರು. ಅಯ್ಯನವರು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, "ಕರ್ತನೇ, ಈ ಸಹೋದರನಿಗೆ ನೀನು ಕೊಟ್ಟ ದೀನತೆಗಾಗಿ ಸ್ತೋತ್ರ" ಎಂದು ಪ್ರಾರ್ಥಿಸಿದರು. ನಾನು ಮೆಲ್ಲಗೆ ಒಂದು ಕಣ್ಣು ತೆರೆದು, ಎದುರು ಕುಳಿತಿದ್ದ ಭಾವಮೈದುನನಿಗೆ ಅದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನೋಡಿಕೊಂಡೆ.